ಗುರು ಗ್ರಹ ನೆತ್ತಿಯ ಮೇಲೆ ಅಂತ ಕಂಪ್ಯೂಟರ್ ಹೇಳಿತು, ಮಕ್ಕಳಿಗೆ ಮೂಡಲಲ್ಲಿ ಕಂಡಿತು

ಪ್ರಶ್ನೆ: ವಿಜಯಪುರದ ಹತ್ತಿರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. "ಇವತ್ತು ರಾತ್ರಿ ಆಕಾಶದಲ್ಲಿ ಏನೇನಿದೆ" ಅಂತ ದಿನಾ ಬೋರ್ಡಿನ ಮೇಲೆ ಬರೆಯುವ ಆಸೆ. ಪೈಥಾನ್ ಪ್ರೋಗ್ರಾಮಿಂಗ್ ಅಲ್ಪಸ್ವಲ್ಪ ಬರುತ್ತದೆ, ಹಾಗಾಗಿ ಗ್ರಹಗಳ ಜಾಗ ಲೆಕ್ಕ ಹಾಕುವ ಸ್ಕೈಫೀಲ್ಡ್ ಲೈಬ್ರರಿ (ಸಿದ್ಧ ಕೋಡ್) ಹಾಕಿಕೊಂಡೆ. ಮೊದಲು "ಜುಪಿಟರ್" ಅಂತ ಕೇಳಿದರೆ ಆ ಹೆಸರೇ ಇಲ್ಲ ಅಂತ ಎರರ್ ಬಂತು. ಹೇಗೋ ಸರಿ ಮಾಡಿದೆ. 2026ರ ಜನವರಿ 10ರ ಸಂಜೆ ಏಳೂವರೆಗೆ ಗುರು ಗ್ರಹ 82 ಡಿಗ್ರಿ ಎತ್ತರದಲ್ಲಿರುತ್ತದೆ ಅಂತ ಉತ್ತರ ಬಂತು, ಹಾಗೇ ಬರೆದೆ. ಸೋಮವಾರ ಹುಡುಗರು "ಅಕ್ಕೋರೆ, ಗುರು ಮೂಡಲ ಕಡೆ ಕೆಳಗ ಐತಿ, ನಿಮ್ಮ ಕಂಪ್ಯೂಟರ್ ತಪ್ಪ ಹೇಳಾಕತ್ತೈತಿ" ಅಂದರು. ಪಂಚಾಂಗ ತೆಗೆದು ನೋಡಿದರೆ ಅದಕ್ಕೂ ನನ್ನ ಲೆಕ್ಕಕ್ಕೂ 24 ಡಿಗ್ರಿ ವ್ಯತ್ಯಾಸ. ಬೇರೆ ಲೈಬ್ರರಿ ಬಳಸಬೇಕಾ? ಶಾಲೆಯಲ್ಲಿ ನೆಟ್ ಸರಿಯಾಗಿ ಬರುವುದಿಲ್ಲ. ಈ ಸಂಖ್ಯೆಗಳನ್ನೆಲ್ಲ ಯಾರು ಅಳೆದರು ಅಂತಲೂ ಮಕ್ಕಳು ಕೇಳುತ್ತಾರೆ.

ಉತ್ತರ: ಮೇಡಂ, ಲೈಬ್ರರಿ ಬದಲಿಸಬೇಡಿ. ನಿಮಗೆ ಬಂದ 82 ಡಿಗ್ರಿ ಕೂಡ ಸರಿಯಾದ ಉತ್ತರವೇ. ಆದರೆ ಅದು ರಾತ್ರಿ ಒಂದು ಗಂಟೆಯ ಉತ್ತರ.

ಸ್ಕೈಫೀಲ್ಡ್‌ನಲ್ಲಿ ಹೊತ್ತನ್ನು ಹೇಳುವ ಸಾಲಿನಲ್ಲಿ "ಯುಟಿಸಿ" ಅಂತ ಇದೆ, ನೋಡಿ. ಅಲ್ಲಿ ನೀವು 19 ಗಂಟೆ 30 ನಿಮಿಷ ಅಂತ ಕೊಟ್ಟಿರಬೇಕು. ಅದು ಗ್ರೀನಿಚ್ ಕಡೆಯ ಏಳೂವರೆ. ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದಿದೆ, ಅಂದರೆ ಆಗ ನಮ್ಮಲ್ಲಿ ನಡುರಾತ್ರಿ ದಾಟಿ ಒಂದು ಗಂಟೆ. ಜನವರಿ 10ರಂದು ಗುರು ಗ್ರಹ ಸೂರ್ಯನಿಗೆ ನೇರ ಎದುರಿಗಿತ್ತು. ಸೂರ್ಯ ಮುಳುಗುವಾಗ ಅದು ಹುಟ್ಟುತ್ತದೆ, ಮಧ್ಯರಾತ್ರಿ ನೆತ್ತಿಗೆ ಬರುತ್ತದೆ. ಹಾಗಾಗಿ ಒಂದು ಗಂಟೆಗೆ 82 ಡಿಗ್ರಿ ಇರಲೇಬೇಕು. ನೀವು ಕೇಳಬೇಕಿದ್ದದ್ದು 14 ಗಂಟೆ 0 ನಿಮಿಷ. ಹಾಗೆ ಕೇಳಿದರೆ ಎತ್ತರ ಸುಮಾರು 19 ಡಿಗ್ರಿ, ದಿಕ್ಕು ಸುಮಾರು 72 ಡಿಗ್ರಿ ಬರುತ್ತದೆ. ದಿಕ್ಕನ್ನು ಉತ್ತರದಿಂದ ಎಣಿಸುತ್ತಾರೆ, ಪೂರ್ವ ಅಂದರೆ 90. ಅಂದರೆ ಪೂರ್ವದಿಂದ ಸ್ವಲ್ಪ ಉತ್ತರಕ್ಕೆ ಸರಿದು. ಕೈ ಪೂರ್ತಿ ಚಾಚಿ ಮುಷ್ಟಿ ಹಿಡಿದರೆ ಒಂದು ಮುಷ್ಟಿ ಸುಮಾರು ಹತ್ತು ಡಿಗ್ರಿ. ದಿಗಂತದ ಮೇಲೆ ಮುಷ್ಟಿ ಮೇಲೆ ಮುಷ್ಟಿ ಇಟ್ಟರೆ ಎರಡನೆಯದರ ತುದಿಯಲ್ಲಿ ಗುರು. ನಿಮ್ಮ ಹುಡುಗರು ಕಂಡದ್ದು ಅದನ್ನೇ. ಅವರು ಬೋರ್ಡನ್ನು ನಂಬಿ ಸುಮ್ನೆ ಕೂರಲಿಲ್ಲ, ಹೊರಗೆ ಹೋಗಿ ನೋಡಿದರು. ನನಗೆ ಅದು ತುಂಬಾ ಇಷ್ಟವಾಯಿತು.

ದಿನಾ ಐದೂವರೆ ಕಳೆಯುವುದು ಬೇಡ ಅನ್ನಿಸಿದರೆ, ಪೈಥಾನ್‌ನ ಸಾಮಾನ್ಯ ದಿನಾಂಕಕ್ಕೆ ಏಷ್ಯಾ-ಕೋಲ್ಕತ್ತಾ ಸಮಯ ವಲಯ ಅಂಟಿಸಿ ಸ್ಕೈಫೀಲ್ಡ್‌ಗೆ ಕೊಡಿ. ಉತ್ತರವಾಗಿ ಬರುವ ಹೊತ್ತನ್ನೂ ಅದೇ ವಲಯಕ್ಕೆ ತಿರುಗಿಸಿ ಪ್ರಿಂಟ್ ಮಾಡಿ. ಕೈಲೆಕ್ಕ ಮಾಡುವವರು ಹೆಚ್ಚಾಗಿ ಎಡವುವುದು ನಸುಕಿನ ಹೊತ್ತಿನಲ್ಲಿ. ನಮ್ಮ ಬೆಳಗಿನ ಐದು ಗಂಟೆ ಎಂದರೆ ಯುಟಿಸಿಯಲ್ಲಿ ಹಿಂದಿನ ದಿನದ 23:30. ತಾರೀಖೇ ಬೇರೆ. ಶುಕ್ರ ಬೆಳ್ಳಿಯಾಗಿ ಬೆಳಗಿನ ಜಾವ ಮೂಡುವ ತಿಂಗಳುಗಳಲ್ಲಿ ಇದು ಕಾಡುತ್ತದೆ.

ನಿಮ್ಮ ಕೋಡ್ ಸರಿಯಾಯಿತೋ ಇಲ್ಲವೋ ಅಂತ ನೋಡಲು ಎಲ್ಲರೂ ಕಂಡ ಒಂದು ಘಟನೆ ಇಟ್ಟುಕೊಳ್ಳಿ. 2025ರ ಸೆಪ್ಟೆಂಬರ್ 7ರ ಪೂರ್ಣ ಚಂದ್ರಗ್ರಹಣ ಮಕ್ಕಳಿಗೆ ಇನ್ನೂ ನೆನಪಿರುತ್ತದೆ. ಸ್ಕೈಫೀಲ್ಡ್‌ನಲ್ಲಿ ಗ್ರಹಣ ಹುಡುಕುವ ಭಾಗವೇ ಇದೆ. ಗ್ರಹಣದ ನಡುಹೊತ್ತು ಯುಟಿಸಿ 18:11 ಅಂತ ಬರಬೇಕು, ನಮ್ಮ ಗಡಿಯಾರದಲ್ಲಿ ರಾತ್ರಿ 11:41. ಇದು ಕೂಡಿದರೆ ಹೊತ್ತಿನ ಲೆಕ್ಕ ಸರಿ ಇದೆ ಅಂತ ಅರ್ಥ.

ಇನ್ನು ಜಾಗ. ಇದರಲ್ಲಿ ನಾನೇ ಒಮ್ಮೆ ಪೂರ್ತಿ ಒಂದು ಸಂಜೆ ಕಳೆದಿದ್ದೇನೆ. 2020ರ ಡಿಸೆಂಬರ್ 21ಕ್ಕೆ ಗುರು-ಶನಿ ಹತ್ತಿರ ಬರುವುದನ್ನು ತೋರಿಸಲು ಬೆಳಗಾವಿಯ ನಮ್ಮ ಮನೆಯ ಮಾಳಿಗೆ ಮೇಲೆ ಓಣಿಯ ಮಕ್ಕಳನ್ನು ಕರೆದಿದ್ದೆ. ಅದಕ್ಕೂ ಮೊದಲು ಲೆಕ್ಕ ಹಾಕುವಾಗ, ಪರೀಕ್ಷೆಗೆ ಅಂತ ಮಧ್ಯಾಹ್ನ ಹನ್ನೆರಡಕ್ಕೆ ಸೂರ್ಯ ಎಲ್ಲಿದ್ದಾನೆ ಅಂತ ಕೇಳಿದೆ. ದಿಗಂತದಿಂದ ಸುಮಾರು 17 ಡಿಗ್ರಿ ಕೆಳಗೆ ಅಂತ ಬಂತು. ಹೊತ್ತು ಸರಿ ಇತ್ತು, ಸ್ಕೈಫೀಲ್ಡ್ ಓದುವ ಗ್ರಹಸ್ಥಾನಗಳ ಫೈಲ್ ಸರಿ ಇತ್ತು. ಲೈಬ್ರರಿಯನ್ನೇ ತೆಗೆದು ಮತ್ತೆ ಹಾಕಿದೆ. ಕೊನೆಗೆ ಕಣ್ಣಿಗೆ ಬಿತ್ತು: ಬೆಳಗಾವಿಯ ಅಕ್ಷಾಂಶ 15.85, ರೇಖಾಂಶ 74.50. ನಾನು 74.50 ಅನ್ನು ಮೊದಲು ಬರೆದಿದ್ದೆ. ಆ ಜಾಗ ನಾರ್ವೆಯ ಉತ್ತರಕ್ಕೆ, ಹಿಮಸಾಗರದ ಕಡೆ ನೀರಿನ ನಡುವೆ ಇದೆ. ಡಿಸೆಂಬರ್‌ನಲ್ಲಿ ಅಲ್ಲಿ ಸೂರ್ಯ ಹುಟ್ಟುವುದೇ ಇಲ್ಲ. ಕಂಪ್ಯೂಟರ್ ಆ ಸಮುದ್ರದಲ್ಲಿ ನಿಂತು ನೋಡಿ ಸರಿಯಾಗಿಯೇ ಹೇಳಿತ್ತು. ಎರಡೂ ಸಂಖ್ಯೆ 90ರ ಒಳಗೆ ಇರುವುದರಿಂದ ನಮ್ಮ ಊರುಗಳಿಗೆ ಈ ತಪ್ಪು ಎರರ್ ಆಗಿ ಸಿಕ್ಕಿಬೀಳುವುದಿಲ್ಲ. ವಿಜಯಪುರಕ್ಕೆ ಮೊದಲು 16.83, ಆಮೇಲೆ 75.71 ಅಂತ ಬರೆಯಿರಿ. (ಅವತ್ತು ಗುರು-ಶನಿ ನಡುವೆ ಇದ್ದ ಅಂತರ ಬರೀ 6 ಕಲೆ (ಒಂದು ಡಿಗ್ರಿಗೆ 60 ಕಲೆ), ಚಂದ್ರನ ಅಗಲದ ಐದನೇ ಒಂದು ಪಾಲು. ನಿಮ್ಮ ಕೋಡ್ ಪರೀಕ್ಷಿಸಲು ಇದೂ ಒಳ್ಳೆಯ ಲೆಕ್ಕ.)

ಆ ಅಕ್ಷಾಂಶ-ರೇಖಾಂಶವನ್ನು "ಅರ್ತ್" ಅನ್ನುವುದಕ್ಕೆ ಕೂಡಿಸಬೇಕು. ಸುಮ್ನೆ "ಅರ್ತ್" ಅಂತ ಬಿಟ್ಟರೆ ಭೂಮಿಯ ನಟ್ಟನಡುವೆ ಕೂತು ನೋಡಿದ ಹಾಗೆ. ಗುರು, ಶನಿ ಅಷ್ಟು ದೂರ ಇರುವುದರಿಂದ ಅವು ಕಾಣುವ ದಿಕ್ಕಿಗೆ ವ್ಯತ್ಯಾಸ ಆಗುವುದಿಲ್ಲ. ಚಂದ್ರ ಹಾಗಲ್ಲ, ಹತ್ತಿರದವನು. ಭೂಮಿಯ ನಡುವಿನಿಂದ ನೋಡುವುದಕ್ಕೂ ನಿಮ್ಮ ಶಾಲೆಯ ಅಂಗಳದಿಂದ ನೋಡುವುದಕ್ಕೂ ಹೆಚ್ಚುಕಡಿಮೆ ಒಂದು ಡಿಗ್ರಿ ತನಕ ಸರಿಯುತ್ತಾನೆ, ಅಂದರೆ ಎರಡು ಚಂದ್ರನಷ್ಟು. ಚಂದ್ರ ಯಾವುದಾದರೂ ನಕ್ಷತ್ರವನ್ನು ಮರೆಮಾಡುತ್ತಾನಾ ಅಂತ ನೋಡುವಾಗ ಇದು ದೊಡ್ಡ ತಪ್ಪಾಗುತ್ತದೆ.

ಈಗ ಆ ಎರರ್ ವಿಷಯ. ಸ್ಕೈಫೀಲ್ಡ್ ಓದುವ ಫೈಲಿನಲ್ಲಿ "ಜುಪಿಟರ್" ಇಲ್ಲ, "ಜುಪಿಟರ್ ಬ್ಯಾರಿಸೆಂಟರ್" ಇದೆ. ಗುರುವನ್ನು ಅದರ ಉಪಗ್ರಹಗಳೂ ಎಳೆಯುತ್ತವೆ. ಎಲ್ಲ ಸೇರಿ ಯಾವ ಬಿಂದುವಿನ ಸುತ್ತ ತೂಗುತ್ತವೋ ಅದೇ ಬ್ಯಾರಿಸೆಂಟರ್. ಗುರುವಿನ ನಡುವಿಗೂ ಈ ಬಿಂದುವಿಗೂ ಇನ್ನೂರು ಕಿಲೋಮೀಟರ್ ಆಸುಪಾಸಿನ ತನಕ ಅಂತರ ಇರಬಹುದು. ಕೇಳಲು ಜಾಸ್ತಿ ಅನ್ನಿಸುತ್ತದೆ ಅಲ್ವಾ? ಆದರೆ ಗುರು ಅವತ್ತು ಇದ್ದದ್ದು ಸುಮಾರು 63 ಕೋಟಿ ಕಿಲೋಮೀಟರ್ ದೂರದಲ್ಲಿ. ಬರಿಗಣ್ಣಿಗೆ, ಸಣ್ಣ ದೂರದರ್ಶಕಕ್ಕೆ ಕೂಡ ಈ ವ್ಯತ್ಯಾಸ ಸಿಗುವುದಿಲ್ಲ. ಮಂಗಳನದ್ದು ಇನ್ನೂ ಚೆಂದ. ಫೋಬೋಸ್, ಡೀಮೋಸ್ ಎಷ್ಟು ಪುಟ್ಟ ಉಪಗ್ರಹಗಳೆಂದರೆ, ಮಂಗಳನ ನಡುವಿಗೂ ಅದರ ಬ್ಯಾರಿಸೆಂಟರ್‌ಗೂ ಇರುವ ಅಂತರ ಒಂದು ಗೇಣು! ಹಾಗಾಗಿ ಎರಡನೇ ಯೋಚನೆ ಇಲ್ಲದೆ ಬ್ಯಾರಿಸೆಂಟರ್ ಹೆಸರನ್ನೇ ಹಾಕಿ.

ಹೊಸ ಫೈಲಿಗೆ ಹೋದಾಗ ಇನ್ನೊಂದು ಕಡೆ ಎಡವುತ್ತೀರಿ. ಹಳೆಯ ಡಿಇ421 ಫೈಲಿನಲ್ಲಿ "ಮಾರ್ಸ್" ಅನ್ನುವ ಹೆಸರು ಬರಿದೇ ಸಿಗುತ್ತದೆ. ಡಿಇ440ಎಸ್‌ನಲ್ಲಿ ಸಿಗುವುದಿಲ್ಲ. ನಿನ್ನೆ ಓಡಿದ ಕೋಡ್ ಇವತ್ತು ನಿಂತುಬಿಡುತ್ತದೆ. ಎರಡರಲ್ಲೂ "ಮಾರ್ಸ್ ಬ್ಯಾರಿಸೆಂಟರ್" ಇದೆ.

ನೆಟ್ ಬಗ್ಗೆ ಕೇಳಿದಿರಿ. ಇಲ್ಲಿ ಸ್ಕೈಫೀಲ್ಡ್ ನಿಮ್ಮಂಥ ಶಾಲೆಗೆ ಹೇಳಿ ಮಾಡಿಸಿದ ಹಾಗಿದೆ. ಫೈಲ್ ಒಮ್ಮೆ ಇಳಿಸಿಕೊಂಡರೆ ಮುಗಿಯಿತು, ಆಮೇಲೆ ನೆಟ್ ಬೇಕಿಲ್ಲ. ಡಿಇ421 ಸುಮಾರು 17 ಎಂಬಿ, 2053ರ ತನಕ ನಡೆಯುತ್ತದೆ. ಡಿಇ440ಎಸ್ ಸುಮಾರು 32 ಎಂಬಿ, 1849ರಿಂದ 2150ರ ತನಕ. ನಾನಾದರೆ ಎರಡನೆಯದನ್ನೇ ತೆಗೆದುಕೊಳ್ಳುತ್ತೇನೆ. ಮನೆಯಲ್ಲೋ ಪೇಟೆಯಲ್ಲೋ ಮೊಬೈಲ್ ನೆಟ್‌ನಿಂದ ಇಳಿಸಿ, ಪೆನ್‌ಡ್ರೈವ್‌ನಲ್ಲಿ ತಂದು, ಕೋಡ್ ಇರುವ ಫೋಲ್ಡರಿನಲ್ಲೇ ಹಾಕಿ. ಅದೇ ಹೆಸರಿನ ಫೈಲ್ ಅಲ್ಲಿ ಕಂಡರೆ ಸ್ಕೈಫೀಲ್ಡ್ ಹೊರಗೆ ಹುಡುಕುವುದಿಲ್ಲ.

ಆ 32 ಎಂಬಿಯಲ್ಲಿ ಏನಿದೆ, ಯಾರು ಅಳೆದರು ಅನ್ನುವ ಮಕ್ಕಳ ಪ್ರಶ್ನೆಗೆ ಬರೋಣ. ನಿಮ್ಮ ಪತ್ರದಲ್ಲಿ ನನಗೆ ತುಂಬಾ ಹಿಡಿಸಿದ ಪ್ರಶ್ನೆ ಇದು. ಫೈಲ್ ಮಾಡುವವರು ಅಮೆರಿಕದ ನಾಸಾದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿ, ಜೆಪಿಎಲ್. 1969ರಲ್ಲಿ ಅಪೋಲೊ 11ರವರು ಚಂದ್ರನ ಮೇಲೆ ಒಂದು ಕನ್ನಡಿ ಫಲಕ ಇಟ್ಟು ಬಂದರು. ಆಮೇಲೆ ಅಪೋಲೊ 14, 15ರವರೂ ಇಟ್ಟರು, ರಷ್ಯಾದ ಎರಡು ಲುನೊಖೋಡ್ ಬಂಡಿಗಳ ಮೇಲೂ ಇವೆ. ಭೂಮಿಯಿಂದ ಲೇಸರ್ ಬಿಟ್ಟು, ಅದು ಕನ್ನಡಿಗೆ ಬಡಿದು ವಾಪಸ್ ಬರಲು ಎಷ್ಟು ಹೊತ್ತು ಹಿಡಿಯಿತು ಅಂತ ಇಂದಿಗೂ ಅಳೆಯುತ್ತಾರೆ. ಚಂದ್ರ ವರ್ಷಕ್ಕೆ 3.8 ಸೆಂಟಿಮೀಟರ್ ನಮ್ಮಿಂದ ದೂರ ಸರಿಯುತ್ತಿದ್ದಾನೆ ಅಂತ ಗೊತ್ತಾದದ್ದು ಹೀಗೆ. ಗ್ರಹಗಳ ವಿಷಯದಲ್ಲಿ ಅವುಗಳ ಸುತ್ತ ತಿರುಗುವ ನೌಕೆಗಳ ರೇಡಿಯೊ ಸಂಕೇತ ಬಳಸುತ್ತಾರೆ. ಈ ಅಳತೆಗಳಿಗೆಲ್ಲ ಹೊಂದುವ ಹಾಗೆ ಸೂರ್ಯ, ಗ್ರಹಗಳು, ಜೊತೆಗೆ 343 ಕ್ಷುದ್ರಗ್ರಹಗಳ ಎಳೆತವನ್ನೂ ಸೇರಿಸಿ, ಕಾಲದಲ್ಲಿ ಹೆಜ್ಜೆ ಹೆಜ್ಜೆಯಾಗಿ ಹಿಂದಕ್ಕೂ ಮುಂದಕ್ಕೂ ಲೆಕ್ಕ ಹಾಕುತ್ತಾರೆ.

ಆ ಲೆಕ್ಕದ ಫಲವನ್ನು ನಿಮಿಷಕ್ಕೊಂದು ಸಾಲಿನಂತೆ ಬರೆದಿಟ್ಟರೆ ಫೈಲ್ ಬೆಟ್ಟದಷ್ಟಾಗುತ್ತದೆ. ಅದಕ್ಕೆ ಗ್ರಹದ ದಾರಿಯನ್ನು ತುಂಡು ತುಂಡು ಮಾಡಿ, ಪ್ರತಿ ತುಂಡಿಗೂ ಒಂದು ಬಹುಪದಿ ಕೂರಿಸುತ್ತಾರೆ. ಒಂಬತ್ತನೇ ತರಗತಿಯಲ್ಲಿ ನೀವು ಕಲಿಸುವ ಬಹುಪದಿಯ ಅಣ್ಣನೇ ಇದು, ಚೆಬಿಶೆವ್ ಬಹುಪದಿ ಅಂತ ಹೆಸರು. ಫೈಲಿನಲ್ಲಿರುವುದು ಅದರ ಸಹಗುಣಕಗಳು ಮಾತ್ರ. ನಿಧಾನಕ್ಕೆ ಹೋಗುವ ಗುರುವಿಗೆ 32 ದಿನಕ್ಕೊಂದು ತುಂಡು ಸಾಕು. ಬುಧನಿಗೆ 8 ದಿನಕ್ಕೊಂದು ಬೇಕು. ಚಂದ್ರನ ದಾರಿ ಎಷ್ಟು ವಕ್ರ ಎಂದರೆ ನಾಲ್ಕೇ ದಿನಕ್ಕೊಂದು. ನೀವು ಒಂದು ಹೊತ್ತು ಕೊಟ್ಟರೆ ಸ್ಕೈಫೀಲ್ಡ್ ಸರಿಯಾದ ತುಂಡನ್ನು ಹುಡುಕಿ, ಆ ಬಹುಪದಿಯಲ್ಲಿ ಹೊತ್ತನ್ನು ಹಾಕಿ ಬೆಲೆ ಕಂಡುಹಿಡಿಯುತ್ತದೆ. ಬಹುಪದಿ ಕಲಿತು ಏನು ಉಪಯೋಗ ಅಂತ ಯಾರಾದರೂ ಕೇಳಿದರೆ ಇದನ್ನು ತೋರಿಸಿ.

ಬಹುಪದಿ ಕೊಡುವುದು ಗ್ರಹ ಆ ಕ್ಷಣ ಇರುವ ಜಾಗ. ನಮಗೆ ಬೇಕಾದ್ದು ಕಾಣುವ ಜಾಗ. ಜನವರಿ 10ರಂದು ಗುರುವಿನ ಬೆಳಕು ನಮ್ಮನ್ನು ಮುಟ್ಟಲು 35 ನಿಮಿಷ ಹಿಡಿಯಿತು, ಹೆಚ್ಚುಕಡಿಮೆ ನಿಮ್ಮ ಒಂದು ಪಿರಿಯಡ್. ಅಷ್ಟರಲ್ಲಿ ಗುರು 27 ಸಾವಿರ ಕಿಲೋಮೀಟರಿಗೂ ಜಾಸ್ತಿ ಮುಂದೆ ಹೋಗಿರುತ್ತದೆ. "ಅಬ್ಸರ್ವ್" ಅನ್ನುವ ಕರೆ ಈ ಬೆಳಕಿನ ಹೊತ್ತನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಅದರ ಮೇಲೆ "ಅಪಾರೆಂಟ್" ಸೇರಿಸಿದರೆ ಭೂಮಿಯ ಓಟದಿಂದ ಗ್ರಹ ಸ್ವಲ್ಪ ಸರಿದ ಹಾಗೆ ಕಾಣುವುದನ್ನೂ, ಸೂರ್ಯನ ಬಳಿ ಬೆಳಕು ಬಾಗುವುದನ್ನೂ ಸೇರಿಸುತ್ತದೆ. ಆಮೇಲೆ ಎತ್ತರ-ದಿಕ್ಕು ಕೇಳುವ "ಆಲ್ಟ್‌ಆಜ್". ಮೂರೂ ಇದೇ ಸಾಲಿನಲ್ಲಿ ಇರಲಿ.

"ಅಬ್ಸರ್ವ್" ಬಿಟ್ಟು ಗುರುವಿನ ನಿರ್ದೇಶಾಂಕವನ್ನು ನೇರವಾಗಿ ಕೇಳುವವರನ್ನು ಬಹಳ ನೋಡಿದ್ದೇನೆ. ಆಗ ಬರುವುದು ಸೌರಮಂಡಲದ ನಡುವಿನಿಂದ ಕಂಡ ದಿಕ್ಕು, ಭೂಮಿಯಿಂದ ಕಂಡದ್ದಲ್ಲ. ಜನವರಿ 10ರಂದೇ ಇದನ್ನು ಪರೀಕ್ಷಿಸಿದ್ದರೆ ತಪ್ಪು ಗೊತ್ತೇ ಆಗುತ್ತಿರಲಿಲ್ಲ, ಯಾಕೆಂದರೆ ಅವತ್ತು ಸೂರ್ಯ, ಭೂಮಿ, ಗುರು ಒಂದೇ ಸಾಲಿನಲ್ಲಿದ್ದವು. ಅದೇ ಕೋಡ್ ಏಪ್ರಿಲ್ ಹೊತ್ತಿಗೆ 11 ಡಿಗ್ರಿ ತಪ್ಪು ಹೇಳುತ್ತದೆ. ಅದಕ್ಕೇ ಒಂದೇ ದಿನ ಪರೀಕ್ಷಿಸಿ ಬಿಡಬೇಡಿ.

ಪಂಚಾಂಗದ 24 ಡಿಗ್ರಿಯಲ್ಲಿ ಯಾರ ತಪ್ಪೂ ಇಲ್ಲ. ಎಣಿಕೆ ಎಲ್ಲಿಂದ ಶುರು ಅನ್ನುವುದು ಮಾತ್ರ ಬೇರೆ. ಕ್ರಾಂತಿವೃತ್ತದ ಮೇಲೆ, ಅಂದರೆ ಆಕಾಶದಲ್ಲಿ ಸೂರ್ಯ ಸಾಗುವ ದಾರಿಯ ಮೇಲೆ, ಅವತ್ತು ಗುರು ಸ್ಕೈಫೀಲ್ಡ್ ಲೆಕ್ಕದಲ್ಲಿ ಸುಮಾರು 110 ಡಿಗ್ರಿ. ಅದು ಮಾರ್ಚ್‌ನಲ್ಲಿ ಹಗಲು ರಾತ್ರಿ ಸಮವಾಗುವ ಬಿಂದುವಿನಿಂದ ಎಣಿಸಿದ್ದು, ಸಾಯನ. ನಮ್ಮ ಪಂಚಾಂಗ ನಕ್ಷತ್ರಗಳನ್ನು ಹಿಡಿದು ಎಣಿಸುತ್ತದೆ, ನಿರಯಣ. ಭೂಮಿಯ ಅಕ್ಷ ಬುಗುರಿಯಂತೆ ತೂಗುವುದರಿಂದ ಆ ಸಮಬಿಂದು ಸುಮಾರು 72 ವರ್ಷಕ್ಕೊಂದು ಡಿಗ್ರಿ ಹಿಂದೆ ಸರಿಯುತ್ತದೆ. ಹೀಗೆ ಕೂಡಿದ ಅಂತರವೇ ಅಯನಾಂಶ, ಈಗ ಸುಮಾರು 24 ಡಿಗ್ರಿ. 110ರಲ್ಲಿ 24 ಕಳೆದರೆ 86. ಮಿಥುನ ರಾಶಿ, ಪುನರ್ವಸು ನಕ್ಷತ್ರ. ನಿಮ್ಮ ಪಂಚಾಂಗದಲ್ಲೂ ಅದೇ ಇರಬೇಕು. ಹಗಲು ದೊಡ್ಡದಾಗಲು ಶುರುವಾಗುವುದು ಡಿಸೆಂಬರ್ 21-22ಕ್ಕೆ, ನಾವು ಕುಸುರೆಳ್ಳು ಹಂಚುವ ಸಂಕ್ರಮಣ ಬರುವುದು ಜನವರಿ 14ರ ಸುಮಾರಿಗೆ. ಅದಕ್ಕೂ ಕಾರಣ ಇದೇ 24 ಡಿಗ್ರಿ. ಲೆಕ್ಕ ಹಾಕುವಾಗ ಆಯಾ ದಿನದ ಕ್ರಾಂತಿವೃತ್ತದ ಚೌಕಟ್ಟನ್ನೇ ಕೇಳಿ. 2000ನೇ ಇಸವಿಯದ್ದನ್ನು ಕೇಳಿದರೆ ಇನ್ನೂ 22 ಕಲೆ ತಪ್ಪುತ್ತದೆ.

ತಿಥಿಗೆ ಅಯನಾಂಶವೇ ಬೇಕಿಲ್ಲ. ಚಂದ್ರ ಸೂರ್ಯನಿಗಿಂತ ಎಷ್ಟು ಡಿಗ್ರಿ ಮುಂದಿದ್ದಾನೆ ಅನ್ನುವುದಷ್ಟೇ ಬೇಕು, ಕಳೆಯುವಾಗ 24 ತಾನೇ ಹೋಗಿಬಿಡುತ್ತದೆ. ಸ್ಕೈಫೀಲ್ಡ್‌ನ "ಮೂನ್ ಫೇಸ್" ಕೊಡುವ ಕೋನವನ್ನು 12ರಿಂದ ಭಾಗಿಸಿ. 0ರಿಂದ 12ರೊಳಗೆ ಇದ್ದರೆ ಶುಕ್ಲ ಪಾಡ್ಯ, 12ರಿಂದ 24ರೊಳಗೆ ಬಿದಿಗೆ, ಹೀಗೆ. ನಿಮ್ಮ ಬೋರ್ಡಿನ ಮೇಲೆ ಮನೆಯ ಹಿರಿಯರೂ ನೋಡುವ ಒಂದು ಸಾಲು ಸಿಗುತ್ತದೆ.

ಬೇರೆ ಲೈಬ್ರರಿಗಳ ಬಗ್ಗೆ ಎರಡೇ ಮಾತು. ಆಸ್ಟ್ರೋಪೈ ಕೂಡ ಒಳ್ಳೆಯದು, ಫೈಲ್ ಇಲ್ಲದೆಯೂ ಅಂದಾಜು ಸ್ಥಾನ ಕೊಡುತ್ತದೆ, ಆದರೆ ನಿಮ್ಮ ಕೆಲಸಕ್ಕೆ ಭಾರ. ಧೂಮಕೇತು, ಕ್ಷುದ್ರಗ್ರಹ ಬೇಕಾದಾಗ ಜೆಪಿಎಲ್‌ನ ಹೊರೈಜನ್ಸ್ ಸೇವೆಯನ್ನು ಆಸ್ಟ್ರೋಕ್ವೆರಿ ಮೂಲಕ ಕೇಳಬಹುದು. ಅದಕ್ಕೆ ನೆಟ್ ಬೇಕು.

ಕೊನೆಗೆ, ನೆಟ್ಟೂ ಬೇಡದ ಒಂದು ಪರೀಕ್ಷೆ. ಅಂಗಳದಲ್ಲಿ ಒಂದು ಕೋಲನ್ನು ನೆಟ್ಟಗೆ ನಿಲ್ಲಿಸಿ. ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು ನೆಟ್ಟಗಿದೆಯಾ ನೋಡಿ. ಹನ್ನೆರಡರಿಂದ ಐದು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಸುಣ್ಣದ ಚುಕ್ಕೆ ಇಡಲಿ ಮಕ್ಕಳು. ನೆರಳು ಅತಿ ಗಿಡ್ಡ ಆಗುವುದು ಹನ್ನೆರಡಕ್ಕಲ್ಲ. ನಮ್ಮ ಗಡಿಯಾರ 82.5 ಡಿಗ್ರಿ ರೇಖಾಂಶದ್ದು, ವಿಜಯಪುರ ಅದಕ್ಕಿಂತ ಪಶ್ಚಿಮಕ್ಕಿದೆ. ಹಾಗಾಗಿ ಸರಾಸರಿ 27 ನಿಮಿಷ ತಡ. ಅದರ ಮೇಲೆ ಭೂಮಿಯ ದಾರಿ ಪೂರ್ತಿ ದುಂಡಗಿಲ್ಲ, ಅಕ್ಷವೂ ವಾಲಿದೆ. ಅದರಿಂದ ನಡುಹಗಲು ಫೆಬ್ರುವರಿ 11ರ ಸುಮಾರಿಗೆ 12:41ಕ್ಕೆ, ನವೆಂಬರ್ 3ರ ಸುಮಾರಿಗೆ 12:11ಕ್ಕೆ ಬರುತ್ತದೆ. ಬಾಗಲಕೋಟೆಯಲ್ಲೂ ಹೆಚ್ಚುಕಡಿಮೆ ಅದೇ ನಿಮಿಷ, ಎರಡೂ ಊರು ಒಂದೇ ರೇಖಾಂಶದ ಮೇಲಿವೆ. ಬೆಳಗಾವಿಯಲ್ಲಿ ನಮಗೆ ಐದು ನಿಮಿಷ ಆಮೇಲೆ. ಸ್ಕೈಫೀಲ್ಡ್‌ಗೆ ಸೂರ್ಯ ನೆತ್ತಿಯ ರೇಖೆ ದಾಟುವ ಹೊತ್ತು ಕೇಳಿ, ಮಕ್ಕಳ ಸುಣ್ಣದ ಚುಕ್ಕೆಗಳ ಪಕ್ಕಕ್ಕೆ ಇಟ್ಟು ನೋಡಿ.

ಸೂರ್ಯ ನಿಜವಾಗಿಯೂ ನೆತ್ತಿಗೆ ಬಂದು ಕೋಲಿನ ನೆರಳು ಪೂರ್ತಿ ಕಾಲ ಕೆಳಗೆ ಸೇರುವುದು ವರ್ಷಕ್ಕೆ ಎರಡೇ ಸಲ. ವಿಜಯಪುರದಲ್ಲಿ ಮೇ 7ರ ಆಸುಪಾಸು, ಮತ್ತೆ ಆಗಸ್ಟ್ 5-6ರ ಆಸುಪಾಸು. ಆಗಸ್ಟ್‌ನಲ್ಲಿ ಶಾಲೆ ಇರುತ್ತದೆ, ಆದರೆ ಮೋಡ ನಂಬುವ ಹಾಗಿಲ್ಲ. ಮೇನಲ್ಲಿ ಬಿಸಿಲು ಖಂಡಿತ, ಆದರೆ ರಜೆ. ಹಾಗಾಗಿ ಮೇ ತಿಂಗಳ ಚೀಟಿಯನ್ನು ರಜೆಗೆ ಮುಂಚೆಯೇ ಪ್ರಿಂಟ್ ಮಾಡಿ ಕೈಗೆ ಕೊಡಿ. ಮಧ್ಯಾಹ್ನ 12:24ಕ್ಕೆ ಅವರವರ ಮನೆಯಂಗಳದಲ್ಲೇ ನೋಡಿಕೊಳ್ಳುತ್ತಾರೆ.